ಆಸ್ಪತ್ರೆಯ ಬಾಗಿಲಲ್ಲಿ ಕಾಯುವವರು

ತುರ್ತು ಚಿಕಿತ್ಸೆಯೆಂಬ ಮಾತನ್ನು ಕೇಳಿದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ವೇಗದ ಕಲ್ಪನೆ. ಆಂಬುಲೆನ್ಸು ಧಾವಿಸಿ ಬರುತ್ತದೆ. ದಾದಿಯರೂ ವೈದ್ಯರೂ ಕೂಡಲೆ ರೋಗಿಯನ್ನು ಸುತ್ತುವರಿಯುತ್ತಾರೆ. ಚಿಕಿತ್ಸೆ ಆ ಕ್ಷಣದಲ್ಲಿಯೇ ಮೊದಲಾಗುತ್ತದೆ. ಆದರೆ ದೊಡ್ಡ ಊರಿನ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಒಂದು ರಾತ್ರಿಯನ್ನು ಕಳೆದವರಿಗೆ ಬೇರೊಂದು ಸಂಗತಿಯೂ ತಿಳಿದಿರುತ್ತದೆ. ಅಲ್ಲಿ ಎರಡು ಬಗೆಯ ಕಾಯುವಿಕೆಗಳಿವೆ. ವೈದ್ಯರು ಬಂದು ನೋಡುವವರೆಗೆ ಕಾಯುವುದು ಮೊದಲನೆಯದು. ವೈದ್ಯರು ನೋಡಿ, ಒಳರೋಗಿಯಾಗಿ ಸೇರಿಸಿಕೊಳ್ಳಬೇಕೆಂದು ಬರೆದ ಮೇಲೂ, ವಾರ್ಡಿನಲ್ಲಿ ಹಾಸಿಗೆ ದೊರೆಯುವವರೆಗೆ ಸ್ಟ್ರೆಚರಿನ ಮೇಲೆಯೋ ಗೋಡೆಯ ಪಕ್ಕದ ಬೆಂಚಿನ ಮೇಲೆಯೋ ಕಾಯುವುದು ಎರಡನೆಯದು. ಈ ಎರಡನೆಯ ಕಾಯುವಿಕೆಯೇ ಈ ಲೇಖನದ ವಿಷಯ.

ಇದು ಎಲ್ಲರ ಪಾಲಿಗೂ ಸಮನಾಗಿ ಬರುತ್ತದೆಯೆ? ಬರುವುದಿಲ್ಲವಾದರೆ ಆ ವ್ಯತ್ಯಾಸಕ್ಕೆ ಕಾರಣ ರೋಗದ ತೀವ್ರತೆಯೆ, ಅಥವಾ ರೋಗಿಯ ಹುಟ್ಟು, ಭಾಷೆ, ಹಣ, ಪರಿಚಯಗಳೆ? ಇದು ವೈದ್ಯರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯೆಂದು ಭೌತವಿಜ್ಞಾನದ ಅಧ್ಯಾಪಕನೊಬ್ಬನು ಸುಮ್ಮನಿರಬಹುದಾಗಿತ್ತು. ಆದರೆ ಕಾಯುವಿಕೆಯೆಂಬುದು ಕಾಲ. ಕಾಲವು ಅಳೆಯತಕ್ಕ ವಸ್ತು. ಅಳೆಯಬಲ್ಲ ಅನ್ಯಾಯವನ್ನು ಅಳೆಯದೆ ಬಿಡುವುದು ಸರಿಯಲ್ಲವೆಂಬುದೇ ಇಲ್ಲಿ ನಾನು ಮುಂದಿಡಬಯಸುವ ಅಭಿಪ್ರಾಯ.

ಕಾಯುವುದರಿಂದ ಆಗುವ ಹಾನಿ

ಚಿಕಿತ್ಸೆ ಮೊದಲಾಗಿದೆಯಲ್ಲ, ಹಾಸಿಗೆ ಸ್ವಲ್ಪ ತಡವಾಗಿ ದೊರೆತರೆ ಏನು ನಷ್ಟ ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಗೆ ಅಂಕಿಗಳೇ ಉತ್ತರವನ್ನು ಕೊಟ್ಟಿವೆ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ತುರ್ತು ವಿಭಾಗದ ಮೂಲಕ ಒಳಸೇರಿದ 50 ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ರೋಗಿ ಬಂದ ಐದು ಗಂಟೆಗಳ ತರುವಾಯ ಕಾಯುವಿಕೆ ಬೆಳೆದಂತೆಲ್ಲ ಸಾವಿನ ಸಂಭವವೂ ಬೆಳೆಯುತ್ತದೆಂದು ಅದು ತೋರಿಸಿತು. ಹಾಸಿಗೆ ದೊರೆಯುವುದು 6ರಿಂದ 8 ಗಂಟೆಗಳಷ್ಟು ತಡವಾದ ಪ್ರತಿ 82 ರೋಗಿಗಳಲ್ಲಿ, ಮೂವತ್ತು ದಿನಗಳೊಳಗೆ, ಒಂದು ಹೆಚ್ಚಿನ ಸಾವು ಸಂಭವಿಸಿತೆಂಬುದು ಅದರ ಲೆಕ್ಕ. ಫ್ರಾನ್ಸ್ ದೇಶದ 97 ತುರ್ತು ವಿಭಾಗಗಳಲ್ಲಿ 2022ರ ಡಿಸೆಂಬರ್ ತಿಂಗಳಲ್ಲಿ ನಡೆಸಿದ ಇನ್ನೊಂದು ಅಧ್ಯಯನ 75 ವರ್ಷ ಮೀರಿದ ವೃದ್ಧರನ್ನು ಕುರಿತದ್ದು. ರಾತ್ರಿಯನ್ನು ತುರ್ತು ವಿಭಾಗದಲ್ಲಿಯೇ ಕಳೆದವರಲ್ಲಿ ಶೇಕಡಾ 15.7 ಮಂದಿ ಆಸ್ಪತ್ರೆಯಲ್ಲಿ ತೀರಿಕೊಂಡರು. ನಡುರಾತ್ರಿಗೆ ಮುನ್ನ ವಾರ್ಡು ಸೇರಿದವರಲ್ಲಿ ಶೇಕಡಾ 11.1 ಮಂದಿ.

ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ತುರ್ತು ವಿಭಾಗದ ದಾದಿಯ ದೃಷ್ಟಿ ಸಹಜವಾಗಿಯೇ ಹೊಸದಾಗಿ ಬರುವವರ ಕಡೆಗಿರುತ್ತದೆ. ಹೊತ್ತಿಗೆ ಸರಿಯಾಗಿ ಕೊಡಬೇಕಾದ ಔಷಧ ತಪ್ಪುತ್ತದೆ; ನಿದ್ರೆಯಿಲ್ಲ; ಮಗ್ಗುಲು ಬದಲಿಸುವವರಿಲ್ಲ; ಸೋಂಕು ಹರಡಲು ಅವಕಾಶ ಹೆಚ್ಚು. ಆದುದರಿಂದ ಕಾಯುವಿಕೆಯೆಂಬುದು ಬರಿಯ ಅನನುಕೂಲವಲ್ಲ. ಅದನ್ನು ಒಬ್ಬರಿಗೆ ಹೆಚ್ಚಾಗಿಯೂ ಮತ್ತೊಬ್ಬರಿಗೆ ಕಡಮೆಯಾಗಿಯೂ ಹಂಚಿದರೆ, ಅಪಾಯವನ್ನೇ ಹಾಗೆ ಹಂಚಿದಂತಾಗುತ್ತದೆ.

ಸರತಿಯ ಗಣಿತ

ಸರತಿಯ ಸಾಲು ಏಕೆ ಬೆಳೆಯುತ್ತದೆಂಬುದನ್ನು ಗಣಿತದ ಮೂಲಕ ಮೊದಲು ವಿಚಾರಿಸಿದವನು ಡೆನ್ಮಾರ್ಕಿನ ಎರ್ಲಾಂಗ್. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪೆನಿಯಲ್ಲಿ ಕೆಲಸಕ್ಕಿದ್ದ ಆತ ತನ್ನ ಮೊದಲ ಪ್ರಬಂಧವನ್ನು 1909ರಲ್ಲಿ ಪ್ರಕಟಿಸಿದನು. ಟೆಲಿಫೋನ್ ಕರೆಗಳು ಯಾವಾಗ ಬರುತ್ತವೆಂದು ಮೊದಲೇ ಹೇಳಲಾಗದು, ರೋಗಿಗಳೂ ಹಾಗೆಯೇ.

ಅತ್ಯಂತ ಸರಳವಾದ ಸರತಿಯನ್ನು ತೆಗೆದುಕೊಳ್ಳೋಣ. ಸೇವೆ ಸಲ್ಲಿಸುವ ಸ್ಥಾನ ಒಂದೇ. ಬರುವವರು ಗೊತ್ತುಗುರಿಯಿಲ್ಲದೆ ಬರುತ್ತಾರೆ. ಸೇವೆಗೆ ಹಿಡಿಯುವ ಕಾಲವೂ ಒಂದೇ ಸಮನಲ್ಲ. ಆ ಸ್ಥಾನವು ಒಟ್ಟು ಕಾಲದ ಎಷ್ಟು ಭಾಗ ತುಂಬಿರುತ್ತದೆಯೋ ಅದನ್ನು, ಅದು ಖಾಲಿಯಿರುವ ಭಾಗದಿಂದ ಭಾಗಿಸಿದರೆ, ಒಬ್ಬನು ಸರಾಸರಿ ಎಷ್ಟು ಕಾಯಬೇಕೆಂಬುದು ದೊರೆಯುತ್ತದೆ. ಒಬ್ಬನ ಸೇವೆಗೆ ಹಿಡಿಯುವ ಸರಾಸರಿ ಕಾಲವೇ ಇಲ್ಲಿ ಅಳತೆಯ ಮಾನ. ಸ್ಥಾನವು ಶೇಕಡಾ 50ರಷ್ಟು ತುಂಬಿದ್ದರೆ ಕಾಯುವಿಕೆ 1; ಶೇಕಡಾ 80 ತುಂಬಿದ್ದರೆ 4; ಶೇಕಡಾ 90ಕ್ಕೆ 9; ಶೇಕಡಾ 95ಕ್ಕೆ 19. ತೊಂಬತ್ತರಿಂದ ತೊಂಬತ್ತೈದಕ್ಕೆ ಏರಿದುದು ಬರಿಯ ಐದು; ಕಾಯುವಿಕೆಯಾದರೋ ಎರಡು ಪಟ್ಟಿಗೂ ಹೆಚ್ಚಾಯಿತು. ನೂರಾರು ಹಾಸಿಗೆಗಳಿರುವ ಆಸ್ಪತ್ರೆಯಲ್ಲಿ ಕಾಯುವಿಕೆ ಇಷ್ಟು ಬೇಗ ತಲೆದೋರದು. ಆದರೆ ಪೂರ್ಣತೆಯ ಸಮೀಪಕ್ಕೆ ಬಂದಾಗ ರೇಖೆಯು ಥಟ್ಟನೆ ಮೇಲೇರುವ ಗುಣ ಅಲ್ಲಿಯೂ ಇದೆ. ಹಾಸಿಗೆಗಳೆಲ್ಲ ಸದಾ ತುಂಬಿರುವುದೇ ದಕ್ಷತೆಯೆಂದು ತಿಳಿಯುವ ಆಡಳಿತಗಾರರು ಈ ರೇಖೆಯನ್ನು ಒಮ್ಮೆ ನೋಡಬೇಕು.

ಎರಡನೆಯ ನಿಯಮ ಇನ್ನೂ ಸರಳವಾದುದು. ಇದಕ್ಕೆ ಸಾಧನೆಯನ್ನು ಅಮೆರಿಕದ ಜಾನ್ ಲಿಟ್ಲ್ 1961ರಲ್ಲಿ ಒದಗಿಸಿದರು. ಸಾಲಿನಲ್ಲಿರುವವರ ಸರಾಸರಿ ಸಂಖ್ಯೆಯು, ಗಂಟೆಗೆ ಬರುವವರ ಸಂಖ್ಯೆಯನ್ನು ಒಬ್ಬೊಬ್ಬರು ಕಾಯುವ ಗಂಟೆಗಳಿಂದ ಗುಣಿಸಿದಷ್ಟು. ಒಂದು ತುರ್ತು ವಿಭಾಗದಲ್ಲಿ ಗಂಟೆಗೆ 4 ಮಂದಿಯನ್ನು ಒಳಸೇರಿಸಬೇಕಾಗಿ ಬಂದು, ಪ್ರತಿಯೊಬ್ಬರೂ 6 ಗಂಟೆ ಕಾಯುವರೆಂದು ಇಟ್ಟುಕೊಳ್ಳಿ. ಆಗ ಯಾವ ಹೊತ್ತಿನಲ್ಲಿ ನೋಡಿದರೂ ಸರಾಸರಿ 24 ಮಂದಿ ಅಲ್ಲಿ ಸಿಕ್ಕಿಬಿದ್ದಿರುತ್ತಾರೆ. ಕಾಯುವಿಕೆಯನ್ನು 2 ಗಂಟೆಗೆ ಇಳಿಸಿದರೆ ಆ ಸಂಖ್ಯೆ 8ಕ್ಕೆ ಇಳಿಯುತ್ತದೆ. ಒಂದು ಇಟ್ಟಿಗೆಯನ್ನೂ ಇಡದೆ 16 ಸ್ಥಾನಗಳು ತೆರವಾದಂತಾಯಿತು.

ಒಬ್ಬನ ಲಾಭ, ಒಂಬತ್ತು ಮಂದಿಯ ನಷ್ಟ

ಮೂರನೆಯ ನಿಯಮವೇ ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದುದು. ಭೌತವಿಜ್ಞಾನದ ವಿದ್ಯಾರ್ಥಿಗಳು ಶಕ್ತಿಯ ಸಂರಕ್ಷಣೆಯನ್ನು ಬಲ್ಲರು. ಸರತಿಯಲ್ಲಿಯೂ ಅಂಥದೊಂದು ಸಂರಕ್ಷಣೆಯ ನಿಯಮವುಂಟೆಂದು 1965ರಲ್ಲಿ ಲಿಯೊನಾರ್ಡ್ ಕ್ಲೈನ್‌ರಾಕ್ ತೋರಿಸಿದರು. ಸ್ಥಾನಗಳು ಹೆಚ್ಚದೆ, ಸೇವೆಯ ವೇಗ ಹೆಚ್ಚದೆ, ಸಾಲಿನ ಕ್ರಮವನ್ನು ಮಾತ್ರ ಬದಲಿಸಿದರೆ ಒಟ್ಟು ಕಾಯುವಿಕೆ ಕಡಮೆಯಾಗದು. ಅದು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ದಾಟುತ್ತದೆ, ಅಷ್ಟೆ.

ಚಿಕ್ಕ ಉದಾಹರಣೆಯಿಂದ ಇದನ್ನು ತಿಳಿಯಬಹುದು. ಹತ್ತು ಮಂದಿ ಕಾಯುತ್ತಿದ್ದಾರೆ. ಅರ್ಧ ಗಂಟೆಗೊಂದರಂತೆ ಹಾಸಿಗೆ ತೆರವಾಗುತ್ತಿದೆ. ಮೊದಲನೆಯವನಿಗೆ ಅರ್ಧ ಗಂಟೆ, ಎರಡನೆಯವನಿಗೆ ಒಂದು ಗಂಟೆ, ಹೀಗೆ ಹತ್ತನೆಯವನಿಗೆ ಐದು ಗಂಟೆ, ಒಟ್ಟು 27.5 ಗಂಟೆಗಳು. ಈಗ ಹತ್ತನೆಯವನ ನೆಂಟರೊಬ್ಬರು ಯಾರಿಗೋ ಫೋನು ಮಾಡುತ್ತಾರೆ. ಆ ಯಾರೋ ಮತ್ತಾರಿಗೋ ಹೇಳುತ್ತಾರೆ. ಅವನು ಸಾಲಿನ ತಲೆಗೆ ಬರುತ್ತಾನೆ. ಅವನಿಗೆ ನಾಲ್ಕೂವರೆ ಗಂಟೆ ಉಳಿಯಿತು. ಉಳಿದ ಒಂಬತ್ತು ಮಂದಿಗೆ ತಲಾ ಅರ್ಧ ಗಂಟೆ ಹೆಚ್ಚಾಯಿತು. ಒಂಬತ್ತು ಅರ್ಧಗಳು ನಾಲ್ಕೂವರೆ. ಒಟ್ಟು ಈಗಲೂ 27.5.

ಸಾಲನ್ನು ಎಂದಿಗೂ ಬದಲಿಸಕೂಡದೆಂದು ಇದರ ಅರ್ಥವಲ್ಲ. ಹತ್ತನೆಯವನ ಎದೆಯಲ್ಲಿ ರಕ್ತನಾಳ ಕಟ್ಟಿಕೊಂಡಿದ್ದರೆ ಒಂಬತ್ತು ಮಂದಿಯೂ ಅರ್ಧ ಗಂಟೆಯನ್ನು ಕೊಡಬೇಕಾದುದೇ ಧರ್ಮ. ರೋಗದ ತೀವ್ರತೆಯನ್ನು ನೋಡಿ ರೋಗಿಗಳನ್ನು ವಿಂಗಡಿಸುವ ಪದ್ಧತಿಯ ತಿರುಳೂ ಇದೇ. ಆದರೆ ಸ್ಥಾನಪಲ್ಲಟಕ್ಕೆ ರೋಗವಲ್ಲದೆ ಪರಿಚಯ ಕಾರಣವಾದಾಗ, ಪರಿಚಯವಿಲ್ಲದವರ ಆಯುಸ್ಸಿನಿಂದ ಅದರ ಬೆಲೆಯನ್ನು ಕಿತ್ತಂತಾಗುತ್ತದೆ. ಶಿಫಾರಸು ಮಾಡುವವರು ಸಾಮಾನ್ಯವಾಗಿ ಕೆಟ್ಟವರಲ್ಲ. ತಮ್ಮವರ ಸಂಕಟವನ್ನು ಕಂಡು ಮರುಗಿದವರು. ನಷ್ಟಕ್ಕೊಳಗಾದ ಒಂಬತ್ತು ಮಂದಿ ಅವರ ಕಣ್ಣಿಗೆ ಬೀಳುವುದಿಲ್ಲ. ಯಾರಲ್ಲಿಯೂ ದ್ವೇಷವಿಲ್ಲದೆಯೇ ಒಂದು ಸಮುದಾಯ ಮತ್ತೊಂದಕ್ಕಿಂತ ಹೆಚ್ಚು ಕಾಯುವುದು ಹೀಗೆ ಸಾಧ್ಯವಾಗುತ್ತದೆ.

ವರ್ಣ ಮತ್ತು ಗಡಿಯಾರ

ಅಮೆರಿಕದಲ್ಲಿ ಈ ವಿಷಯ ವರ್ಣದ ಹೆಸರಿನಲ್ಲಿ ಚರ್ಚೆಗೆ ಬಂದಿದೆ. 1964ರ ನಾಗರಿಕ ಹಕ್ಕುಗಳ ಕಾಯಿದೆಯೂ, 1966ರಲ್ಲಿ ಜಾರಿಗೆ ಬಂದ ವೃದ್ಧರ ಆರೋಗ್ಯವಿಮೆಯ ನಿಬಂಧನೆಗಳೂ ಬಿಳಿಯರಿಗೊಂದು, ಕಪ್ಪು ವರ್ಣೀಯರಿಗೊಂದು ಎಂಬ ಬೇರೆ ಬೇರೆ ವಾರ್ಡುಗಳನ್ನು ಅಲ್ಲಿ ಕೊನೆಗಾಣಿಸಿದವು. ತುರ್ತು ವಿಭಾಗಕ್ಕೆ ಬಂದ ಯಾರನ್ನೇ ಆಗಲಿ, ಹಣವಿರಲಿ ಇಲ್ಲದಿರಲಿ, ಪರೀಕ್ಷಿಸಿ ಅಪಾಯದಿಂದ ಪಾರುಮಾಡಬೇಕೆಂದು 1986ರ ಕಾಯಿದೆ ವಿಧಿಸಿತು. ಬಾಗಿಲು ಎಲ್ಲರಿಗೂ ಒಂದೇ ಆಯಿತು. ಆದರೂ ಕಪ್ಪು ವರ್ಣೀಯ ರೋಗಿಗಳು ಬಿಳಿಯ ರೋಗಿಗಳಿಗಿಂತ ಹೆಚ್ಚು ಹೊತ್ತು ಕಾಯುತ್ತಾರೆಂದು ಅಲ್ಲಿಯ ಅನೇಕ ಅಧ್ಯಯನಗಳು ಕಂಡುಕೊಂಡಿವೆ. ಅಲ್ಲಿ ರೋಗಿಯ ದಾಖಲೆಯಲ್ಲಿ ವರ್ಣವನ್ನೂ ಗಡಿಯಾರದ ಹೊತ್ತನ್ನೂ ಬರೆದಿಡುವ ಪದ್ಧತಿ ಇರುವುದರಿಂದಲೇ ಇದು ಬೆಳಕಿಗೆ ಬಂದುದು.

ಇಂಥ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಅಗತ್ಯ. ವ್ಯತ್ಯಾಸ ಎರಡು ಬಗೆಯಲ್ಲಿ ಹುಟ್ಟಬಹುದು. ಒಂದೇ ಆಸ್ಪತ್ರೆಯೊಳಗೆ ಒಬ್ಬರನ್ನು ಹಿಂದಕ್ಕೆ ತಳ್ಳುವುದು ಒಂದು ಬಗೆ. ಬಡಸಮುದಾಯದವರು ಹೋಗಬಲ್ಲ ಆಸ್ಪತ್ರೆಗಳೇ ಹೆಚ್ಚು ಕಿಕ್ಕಿರಿದಿರುವುದು ಇನ್ನೊಂದು ಬಗೆ. ಮೊದಲನೆಯದಕ್ಕೆ ಮದ್ದು ಸಿಬ್ಬಂದಿಯ ನಡತೆಯಲ್ಲಿದೆ. ಎರಡನೆಯದಕ್ಕೆ ಸರಕಾರದ ಆಯವ್ಯಯದಲ್ಲಿದೆ.

ಉಪಕರಣವೂ ಇಂಥ ಅನ್ಯಾಯಕ್ಕೆ ದಾರಿಯಾಗುವುದುಂಟು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕವನ್ನು ತಿಳಿಸುವ ಪಲ್ಸ್ ಆಕ್ಸಿಮೀಟರಿನ ತತ್ತ್ವವನ್ನು ಜಪಾನಿನ ತಕುವೊ ಅವೊಯಾಗಿ 1970ರ ದಶಕದ ಮೊದಲಲ್ಲಿ ರೂಪಿಸಿದರು. ಸುಮಾರು 660 ನ್ಯಾನೊಮೀಟರಿನ ಕೆಂಪು ಬೆಳಕನ್ನೂ 940 ನ್ಯಾನೊಮೀಟರಿನ ಅವಕೆಂಪು ಕಿರಣವನ್ನೂ ಅದು ಬೆರಳಿನ ಮೂಲಕ ಹಾಯಿಸುತ್ತದೆ. ಆಮ್ಲಜನಕ ತುಂಬಿದ ಹಿಮೊಗ್ಲೋಬಿನ್ ಕೆಂಪನ್ನು ಕಡಮೆಯಾಗಿಯೂ ಅವಕೆಂಪನ್ನು ಹೆಚ್ಚಾಗಿಯೂ ಹೀರುವುದರಿಂದ ಎರಡರ ಪ್ರಮಾಣವನ್ನು ಹೋಲಿಸಿ ಶೇಕಡಾವಾರನ್ನು ಹೇಳಬಹುದು. ಆದರೆ ಚರ್ಮದ ಮೆಲನಿನ್ ಕೂಡ ಬೆಳಕನ್ನು ಹೀರುತ್ತದೆ. 2020ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದ ಫಲಿತಾಂಶ ಇದು: ಯಂತ್ರವು 92ರಿಂದ 96ರವರೆಗೆ ತೋರಿಸುತ್ತಿದ್ದಾಗ ಧಮನಿಯ ರಕ್ತದಲ್ಲಿ ನಿಜವಾಗಿ 88ಕ್ಕಿಂತ ಕಡಮೆಯಿದ್ದುದು ಬಿಳಿಯರಲ್ಲಿ ಶೇಕಡಾ 3.6ರಷ್ಟು ಅಳತೆಗಳಲ್ಲಿ, ಕಪ್ಪು ವರ್ಣೀಯರಲ್ಲಿ ಶೇಕಡಾ 11.7ರಷ್ಟು ಅಳತೆಗಳಲ್ಲಿ. ಹಾಸಿಗೆ ಯಾರಿಗೆಂಬುದನ್ನು ಆ ಅಂಕಿಯೇ ನಿರ್ಧರಿಸುವಾಗ, ಅಳತೆಯ ದೋಷವು ಕಾಯುವಿಕೆಯ ದೋಷವಾಗಿ ಮಾರ್ಪಡುತ್ತದೆ. ಬಗೆಬಗೆಯ ಮೈಬಣ್ಣದ ಜನರಿರುವ ನಮ್ಮ ನಾಡಿನಲ್ಲಿ ಇದನ್ನು ಪರದೇಶದ ಸುದ್ದಿಯೆಂದು ಬದಿಗಿಡಲಾಗದು.

ನಮ್ಮ ಪಶ್ಚಿಮ ಬೆಂಗಳೂರು

ಅಮೆರಿಕದಲ್ಲಿ ವರ್ಣವು ಮಾಡುವ ಕೆಲಸವನ್ನು ನಮ್ಮಲ್ಲಿ ಜಾತಿ, ಹಣ, ಭಾಷೆ, ಊರು ಇವೆಲ್ಲ ಸೇರಿ ಮಾಡುತ್ತವೆ. ಉತ್ತರ ಮತ್ತು ಪೂರ್ವ ಭಾರತದ ಒಂಬತ್ತು ರಾಜ್ಯಗಳಲ್ಲಿ 2010-11ರಲ್ಲಿ ನಡೆದ ಆರೋಗ್ಯ ಸಮೀಕ್ಷೆಯನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಮೇಲ್ಜಾತಿಯ ಹಿಂದೂಗಳಿಗಿಂತ ಆದಿವಾಸಿಗಳ ನಿರೀಕ್ಷಿತ ಆಯುಸ್ಸು ನಾಲ್ಕು ವರ್ಷಕ್ಕೂ ಹೆಚ್ಚು, ದಲಿತರದು ಮೂರು ವರ್ಷಕ್ಕೂ ಹೆಚ್ಚು ಕಡಮೆ. ಇಡೀ ಬಾಳಿನ ಉದ್ದದಲ್ಲಿಯೇ ಇಷ್ಟು ಅಂತರವಿರುವ ದೇಶದಲ್ಲಿ ಆಸ್ಪತ್ರೆಯ ಗಡಿಯಾರ ಮಾತ್ರ ಎಲ್ಲರಿಗೂ ಒಂದೇ ಬಗೆಯಾಗಿ ನಡೆಯುವುದೆಂದು ಪರೀಕ್ಷೆಯಿಲ್ಲದೆ ನಂಬುವುದು ವಿಜ್ಞಾನವಲ್ಲ.

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳನ್ನು ನೋಡಿ. ಒಂದೆಡೆ ಸ್ವಂತ ಮನೆ, ಆರೋಗ್ಯವಿಮೆಗಳುಳ್ಳ ಕುಟುಂಬಗಳು. ಕೆಲವೇ ಬೀದಿಗಳಾಚೆ ಕಾಮಾಕ್ಷಿಪಾಳ್ಯದ ಚಿಕ್ಕ ಕಾರ್ಖಾನೆಗಳ ಕೆಲಸಗಾರರು, ಮೈಸೂರು ರಸ್ತೆಯ ಸಿದ್ಧ ಉಡುಪಿನ ಕಾರ್ಖಾನೆಗಳ ಹೆಣ್ಣುಮಕ್ಕಳು, ನಸುಕಿನಲ್ಲಿ ಬೀದಿ ಗುಡಿಸುವ ಪೌರಕಾರ್ಮಿಕರು, ಉತ್ತರ ಕರ್ನಾಟಕದಿಂದಲೂ ಒಡಿಶಾ, ಬಿಹಾರಗಳಿಂದಲೂ ಬಂದ ಕಟ್ಟಡದ ಕೂಲಿಗಳು. ಮಾಗಡಿಯಿಂದಲೂ ರಾಮನಗರ ಚನ್ನಪಟ್ಟಣಗಳಿಂದಲೂ ರೋಗಿಗಳನ್ನು ಹೊತ್ತ ವಾಹನಗಳು ಇವೇ ರಸ್ತೆಗಳಲ್ಲಿ ನಗರವನ್ನು ಹೊಗುತ್ತವೆ. ಕಾರ್ಮಿಕ ವಿಮೆಯ ಚೀಟಿಯುಳ್ಳವನಿಗೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆ ಇದೆ, ಗುತ್ತಿಗೆದಾರನು ಹೆಸರನ್ನೇ ನೋಂದಾಯಿಸದ ಕೂಲಿಗೆ ಆ ಚೀಟಿಯೂ ಇಲ್ಲ. ಅವನು ಕೃಷ್ಣರಾಜ ಮಾರುಕಟ್ಟೆಯ ಬಳಿಯ ವಿಕ್ಟೋರಿಯಾ ಆಸ್ಪತ್ರೆಗೋ ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಗೋ ಹೋಗಬೇಕು. ಖಾಸಗಿ ಆಸ್ಪತ್ರೆಯ ಮೆಟ್ಟಿಲೇರಿದರೆ ಮುಂಗಡ ಹಣದ ಭಯ. ಕನ್ನಡವೂ ಇಂಗ್ಲಿಷೂ ಬಾರದಿದ್ದರೆ ತನ್ನ ನೋವನ್ನು ವಿವರಿಸುವುದೇ ಒಂದು ಪಾಡು.

2021ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕೋವಿಡ್ಡಿನ ಎರಡನೆಯ ಅಲೆ ಇದನ್ನೆಲ್ಲ ಎತ್ತಿ ತೋರಿಸಿತು. ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಮೂಲಕ ಹಾಸಿಗೆ ಪಡೆಯಲು ಸೋಂಕಿತನಿಗೆ ಬಿ.ಯು. ಎಂಬ ಅಕ್ಷರಗಳುಳ್ಳ ಒಂದು ಸಂಖ್ಯೆ ಬೇಕಾಗುತ್ತಿತ್ತು. ಪರೀಕ್ಷೆಯ ಫಲಿತಾಂಶ ಬಾರದೆ ಆ ಸಂಖ್ಯೆ ಬಾರದು. ಉಸಿರು ಕಟ್ಟಿದ ರೋಗಿ ಮನೆಯಲ್ಲಿಯೋ ಆಂಬುಲೆನ್ಸಿನಲ್ಲಿಯೋ ಕಾಯುತ್ತಿದ್ದನು. ಹಾಸಿಗೆಗಳ ಲೆಕ್ಕ ಅಂತರ್ಜಾಲದಲ್ಲಿತ್ತು. ಯಾರ ಮನೆಯಲ್ಲಿ ಒಳ್ಳೆಯ ಫೋನು, ಅದನ್ನು ಬಳಸಬಲ್ಲ ಮಕ್ಕಳು, ಪರಿಚಯದ ವೈದ್ಯರು ಇದ್ದರೋ ಅವರು ಮುಂದಾದರು. ಸಂಖ್ಯೆಯನ್ನು ಕೇಳಿದ ನಿಯಮದಲ್ಲಿ ಜಾತಿಯ ಹೆಸರಾಗಲಿ ವರ್ಗದ ಹೆಸರಾಗಲಿ ಇರಲಿಲ್ಲ. ಅದರ ಭಾರ ಮಾತ್ರ ಎಲ್ಲರ ಮೇಲೂ ಒಂದೇ ಸಮನಾಗಿ ಬೀಳಲಿಲ್ಲ.

ಕಾಯಿದೆಯ ಮಾತು

ನಮ್ಮಲ್ಲಿ ಕಾಯಿದೆಗೆ ಕೊರತೆಯಿಲ್ಲ. ಗಾಯಗೊಂಡು ಬಂದವನ ಪ್ರಾಣವನ್ನುಳಿಸುವುದು ಸರಕಾರಿ ಮತ್ತು ಖಾಸಗಿ ವೈದ್ಯರೆಲ್ಲರ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯ 1989ರಲ್ಲಿಯೇ ಪರಮಾನಂದ ಕಟಾರ ಮೊಕದ್ದಮೆಯಲ್ಲಿ ಹೇಳಿತು. 1992ರ ಜುಲೈಯಲ್ಲಿ ಪಶ್ಚಿಮ ಬಂಗಾಳದ ಕೃಷಿಕಾರ್ಮಿಕನೊಬ್ಬನು ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಗಿ, ಸರಕಾರಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದನು. ಹಾಸಿಗೆಯಿಲ್ಲ, ಸೌಕರ್ಯವಿಲ್ಲ ಎಂಬುದೇ ಎಲ್ಲೆಡೆಯ ಉತ್ತರ. ಕೊನೆಗೆ ಖಾಸಗಿ ಆಸ್ಪತ್ರೆಯೊಂದರಲ್ಲಿ ತನ್ನ ಖರ್ಚಿನಿಂದ ಚಿಕಿತ್ಸೆ ಪಡೆದನು. ಇದು ಸಂವಿಧಾನದ 21ನೆಯ ಅನುಚ್ಛೇದದ ಭಂಗವೆಂದು 1996ರ ಮೇ ತಿಂಗಳಲ್ಲಿ ತೀರ್ಪಿತ್ತ ನ್ಯಾಯಾಲಯವು 25,000 ರೂಪಾಯಿ ಪರಿಹಾರವನ್ನು ಕೊಡಿಸಿತು. ಹಾಸಿಗೆ ಎಲ್ಲಿ ತೆರವಿದೆಯೆಂದು ತಿಳಿದು ರೋಗಿಯನ್ನು ಅಲ್ಲಿಗೇ ಕಳುಹಿಸುವಂಥ ಕೇಂದ್ರೀಯ ಸಂಪರ್ಕವ್ಯವಸ್ಥೆಯಿರಬೇಕೆಂದೂ ಹೇಳಿತು. ಕಾಯಿದೆ ಬಾಗಿಲನ್ನು ತೆರೆಯಿಸಬಲ್ಲದು. ಒಳಗೆ ಎಷ್ಟು ಹೊತ್ತು ಕಾದರೆಂಬುದನ್ನು ಗಡಿಯಾರವೇ ಹೇಳಬೇಕು.

ಆಗಬೇಕಾದುದು

ನನ್ನ ಸಲಹೆ ಸರಳವಾದುದು. ಪ್ರತಿಯೊಂದು ದೊಡ್ಡ ಆಸ್ಪತ್ರೆಯೂ, ಸರಕಾರಿಯಾಗಲಿ ಖಾಸಗಿಯಾಗಲಿ, ತುರ್ತು ರೋಗಿಗೆ ಸಂಬಂಧಿಸಿದ ಮೂರು ಹೊತ್ತುಗಳನ್ನು ಬರೆದಿಡಬೇಕು: ಬಂದ ಹೊತ್ತು, ಒಳಸೇರಿಸಬೇಕೆಂದು ವೈದ್ಯರು ನಿರ್ಧರಿಸಿದ ಹೊತ್ತು, ಹಾಸಿಗೆ ಸೇರಿದ ಹೊತ್ತು. ತಿಂಗಳಿಗೊಮ್ಮೆ ಇದನ್ನು ಪ್ರಕಟಿಸಬೇಕು. ಸರಾಸರಿಯೊಂದೇ ಸಾಲದು. ಒಂಬತ್ತು ಮಂದಿ ಒಂದೊಂದು ಗಂಟೆಯೂ ಹತ್ತನೆಯವನು 21 ಗಂಟೆಯೂ ಕಾದರೆ ಸರಾಸರಿ ಮೂರೇ ಗಂಟೆ. ಹತ್ತನೆಯವನ ಕಥೆ ಅದರಲ್ಲಿ ಮುಚ್ಚಿಹೋಗುತ್ತದೆ. ಆದುದರಿಂದ ಹತ್ತರಲ್ಲಿ ಒಂಬತ್ತು ಮಂದಿ ಎಷ್ಟು ಹೊತ್ತಿನೊಳಗೆ ಹಾಸಿಗೆ ಸೇರಿದರು, ಉಳಿದ ಒಂದು ಪಾಲು ಯಾರು ಎಂಬುದನ್ನೂ ಹೇಳಬೇಕು. ವಯಸ್ಸು, ಗಂಡು ಹೆಣ್ಣು, ಹಣ ಕೊಟ್ಟ ಬಗೆ, ಭಾಷೆ, ಸಾಮಾಜಿಕ ವರ್ಗ ಇವುಗಳಿಗನುಸಾರವಾಗಿ ಲೆಕ್ಕ ಬಿಡಿಬಿಡಿಯಾಗಿರಬೇಕು. ತೀವ್ರತೆಯನ್ನು ಮೀರಿ ಸಾಲು ಬದಲಾದಾಗಲೆಲ್ಲ ಕಾರಣವನ್ನು ಬರೆದು ಸಹಿ ಹಾಕಬೇಕು.

ಇದಕ್ಕೆ ಆಕ್ಷೇಪಗಳುಂಟು. ಆಸ್ಪತ್ರೆಯ ಬಾಗಿಲಲ್ಲಿ ಜಾತಿಯನ್ನು ಕೇಳುವುದೇ ಅವಮಾನವಲ್ಲವೆ? ಅಹುದು, ಬಾಗಿಲಲ್ಲಿ ಕೇಳಕೂಡದು. ಚಿಕಿತ್ಸೆ ಮುಗಿದ ಮೇಲೆ, ರೋಗಿಯ ಒಪ್ಪಿಗೆಯಿಂದ, ಹೆಸರಿಲ್ಲದ ಬೇರೆ ಹಾಳೆಯಲ್ಲಿ ಪಡೆಯಬಹುದು. ದಣಿದ ಸಿಬ್ಬಂದಿಗೆ ಇದೊಂದು ಹೊಸ ಹೊರೆಯಲ್ಲವೆ? ಮೂರು ಹೊತ್ತುಗಳನ್ನು ಗುರುತಿಸಲು ಒಂದು ನಿಮಿಷ ಸಾಕು. ಹಾಸಿಗೆಗಳೇ ಇಲ್ಲದಿರುವಾಗ ಅಳೆದು ಫಲವೇನು ಎಂಬುದು ಎಲ್ಲಕ್ಕಿಂತ ಬಲವಾದ ಆಕ್ಷೇಪ. ಹಾಸಿಗೆಗಳು ಹೆಚ್ಚಬೇಕು, ದಾದಿಯರು ಹೆಚ್ಚಬೇಕು, ಸಂದೇಹವಿಲ್ಲ. ಆದರೆ ಎಲ್ಲಿ ಎಷ್ಟು ಬೇಕೆಂಬುದನ್ನು ಅಳತೆಯೇ ತಿಳಿಸುತ್ತದೆ. ಗುಣವಾದವರನ್ನು ಬಿಲ್ಲಿನ, ವಿಮೆಯ ಕಾಗದಪತ್ರಗಳಿಗಾಗಿ ಸಂಜೆಯವರೆಗೆ ಕೂರಿಸಿಕೊಳ್ಳದೆ ಬೆಳಿಗ್ಗೆಯೇ ಕಳುಹಿಸಿದರೆ ಇರುವ ಹಾಸಿಗೆಗಳೇ ಬೇಗ ತೆರವಾಗುತ್ತವೆ. ಅಲ್ಲದೆ ಕೊರತೆಯಿರುವಲ್ಲಿಯೇ ಹಂಚಿಕೆ ನ್ಯಾಯವಾಗಿರಬೇಕಾದುದು. ಸಮೃದ್ಧಿಯಲ್ಲಿ ನ್ಯಾಯದ ಪ್ರಶ್ನೆಯೇ ಏಳುವುದಿಲ್ಲ.

2025ರ ಸೆಪ್ಟೆಂಬರಿನಲ್ಲಿ ಬೃಹತ್ ಪಾಲಿಕೆಯು ಐದಾಗಿ ವಿಭಾಗವಾಗಿ ಪಶ್ಚಿಮಕ್ಕೆ ಬೇರೊಂದು ನಗರ ಪಾಲಿಕೆ ಬಂದಿದೆ. ಆರೋಗ್ಯ ಇಲಾಖೆಯೊಡನೆ ಸೇರಿ ಈ ಪ್ರಯೋಗವನ್ನು ಇಲ್ಲಿಂದಲೇ ಏಕೆ ಮೊದಲುಮಾಡಬಾರದು?

ತರುಣ ಓದುಗರು ಇದರಲ್ಲಿ ತಮ್ಮ ಪಾತ್ರವೇನೆಂದು ಕೇಳಬಹುದು. ಆಸ್ಪತ್ರೆಗೆ ಹೋಗಿ ರೋಗಿಗಳನ್ನು ಕಾಡಬೇಡಿ. ವಿಜಯನಗರದ ಮೆಟ್ರೊ ನಿಲ್ದಾಣದ ಟಿಕೆಟ್ಟಿನ ಕಿಟಕಿಯ ಬಳಿ, ಬ್ಯಾಂಕಿನಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ ಒಂದು ಗಂಟೆ ನಿಂತು ನೋಡಿ. ಗಂಟೆಗೆ ಎಷ್ಟು ಮಂದಿ ಬಂದರು, ಒಬ್ಬೊಬ್ಬರು ಎಷ್ಟು ಕಾದರು, ಸಾಲಿನಲ್ಲಿ ಸರಾಸರಿ ಎಷ್ಟು ಮಂದಿಯಿದ್ದರು ಎಂಬುದನ್ನು ಗುರುತು ಹಾಕಿ, ಲಿಟ್ಲ್‌ರ ನಿಯಮ ಹೊಂದುತ್ತದೆಯೆ ಪರೀಕ್ಷಿಸಿ. ಯಾರಾದರೂ ನಡುವೆ ನುಗ್ಗಿದರೆ ಉಳಿದವರಿಗೆ ಎಷ್ಟೆಷ್ಟು ನಿಮಿಷ ನಷ್ಟವಾಯಿತೆಂದು ಕೂಡಿಸಿ ನೋಡಿ. ನಾಳೆ ನಿಮ್ಮಲ್ಲಿ ಕೆಲವರು ವೈದ್ಯರಾಗುವಿರಿ, ಕೆಲವರು ಅಧಿಕಾರಿಗಳಾಗುವಿರಿ, ಹಲವರು ನೆಂಟರ ಪರವಾಗಿ ಫೋನು ಮಾಡಬಲ್ಲವರಾಗುವಿರಿ. ಆ ಹೊತ್ತಿನಲ್ಲಿ ಈ ಕೂಡುವ ಲೆಕ್ಕ ನಿಮಗೆ ನೆನಪಿದ್ದರೆ ಸಾಕು.